ಅತ್ತೆ ಸಂಡಿಗೆ ಇಟ್ಟಿದ್ದಾರೆ

ಅಲ್ಲಾಳಸಂದ್ರ, ಯಲಹಂಕ
ಜೂನ್ ೧೬, ಸೋಮವಾರ

ಮುದ್ದಿನ ವನಿತಾ,

ನಿನ್ನ ಅಮ್ಮ ಬೆಟ್ಟ ಹತ್ತಿ ಇಳಿದು, ಕೈಕಾಲುಗಳನ್ನೆಲ್ಲ ಸರಿಯಾಗಿ ಮನೆಗೆ ತಂದುಕೊಂಡು ಈ ಕಾಗದ ಬರೆಯುತ್ತಿದ್ದಾಳೆ. ನಿಂತಿದ್ದರೆ ಮೊದಲು ಕೂತುಕೋ. ನಿಮ್ಮ ತರಬೇತಿಯವರು ಫೋನುಗಳನ್ನೆಲ್ಲ ಇಸಿದುಕೊಂಡು ಕಪಾಟಿನಲ್ಲಿಡುತ್ತಾರೆ, ಕಾಗದ ಮಾತ್ರ ತಲುಪುತ್ತದೆ ಎಂದು ನೀನು ಹೇಳಿದಾಗ ನಿಮ್ಮಪ್ಪನಿಗೆ ಸಂಕಟವಾಯಿತು. ನನಗೆ ಒಳಗೊಳಗೇ ಖುಷಿ. ಫೋನಿನಲ್ಲಾದರೆ ನೀನು ಅರ್ಧಕ್ಕೇ "ಆಯ್ತಮ್ಮಾ, ಆಮೇಲ್ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಪೂರ್ತಿ ಓದಲೇಬೇಕು.

ಪರ್ವತಾರೋಹಣದ ತರಬೇತಿಗೆಂದು ಹಿಮಾಲಯಕ್ಕೆ ಹೊರಟಾಗ ನಿನ್ನಿಂದ ಮಾತು ತೆಗೆದುಕೊಂಡಿದ್ದೆನಲ್ಲ, ಒಂದು ಮೋಡ ಕಂಡರೂ ಹತ್ತಬಾರದು ಎಂದು? ನೀನು ಮಾತೇನೋ ಕೊಟ್ಟೆ. ಚೀಲ ಹೆಗಲಿಗೇರಿಸಿಕೊಂಡು, "ಅಮ್ಮಾ, ನೀನೂ ಒಂದ್ಸಲ ಮೋಡ ಇರೋವಾಗ ಬೆಟ್ಟ ಹತ್ತಿ ನೋಡು, ಆಮೇಲ್ ಮಾತಾಡೋಣ" ಎಂದೂ ಅಂದೆ. ಅದು ಚುಚ್ಚಿತು ಕಣೇ. ನಿನ್ನ ಆಟೋ ತಿರುವು ದಾಟುವ ಮೊದಲೇ ನಾನೂ ಹತ್ತುವುದೆಂದು ನಿರ್ಧಾರ ಮಾಡಿಬಿಟ್ಟಿದ್ದೆ.

ಮರುದಿನ ಕೆರೆ ಸುತ್ತುವಾಗ ನಮ್ಮ ವಾಕಿಂಗ್ ಗುಂಪಿಗೆ ವಿಷಯ ಹೇಳಿದೆ. ಗುಂಪೆಂದರೆ ಮೂರೇ ಜನ: ನಾನು, ಗಣಿತದ ಟೀಚರ್ ಆಗಿ ನಿವೃತ್ತಿಯಾದ ಧನಲಕ್ಷ್ಮಿ, ಮೂಲೆಯ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ನಸೀಮಾ. ಮಾಕಳಿದುರ್ಗದ ಬೆಟ್ಟ ಎಂದು ನಿಶ್ಚಯವಾಯಿತು. ಯಲಹಂಕದಲ್ಲಿ ರೈಲು ಹತ್ತಿದರೆ ಬೆಟ್ಟದ ಹತ್ತಿರವೇ ಇಳಿಸುತ್ತದೆ. ಆವತ್ತಿನಿಂದ ನಾನು ದಿನಾ ನಮ್ಮ ತಾರಸಿ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿದೆ, ಕೈಯಲ್ಲಿ ನೀರಿನ ಬಿಂದಿಗೆ ಹಿಡಿದು. ನಿಮ್ಮಪ್ಪ ಪೇಪರಿನ ಹಿಂದೆ ಕೂತು ನಗುತ್ತಿದ್ದರು. ಅಜ್ಜಿ ಮಾತ್ರ ಕೆಳಗಿನ ಮೆಟ್ಟಿಲ ಮೇಲೆ ಅವರೆಕಾಳು ಬಿಡಿಸುವವರ ಹಾಗೆ ಕೂತು ನನ್ನನ್ನೇ ನೋಡುತ್ತಿದ್ದರು. ಈ ತಿಂಗಳಲ್ಲಿ ಅವರೆಕಾಯಿ ಎಲ್ಲಿ ಬರಬೇಕು, ಮಡಿಲು ಖಾಲಿಯೇ.

ಬಕ್ರೀದ್ ಇದೆಯೆಂದು ಒಂದು ವಾರ ಮುಂದಕ್ಕೆ ಹಾಕಿದ್ದಾಯಿತು. ಈ ಭಾನುವಾರವೂ ತಪ್ಪಿದ್ದರೆ ಮುಂದೆ ನಸೀಮಾಳಿಗೆ ಮಗಳ ಬಾಣಂತನ, ನನಗೆ ಹಬ್ಬಗಳ ಸಾಲು. ನಮ್ಮಂಥವರ ತಿರುಗಾಟ ಒಮ್ಮೆ ಕ್ಯಾನ್ಸಲ್ ಆದರೆ ಮತ್ತೆ ಏಳುವುದಿಲ್ಲ. ನೀನು ವಾಪಸು ಬಂದು "ಹತ್ತಿದ್ಯಾ?" ಎಂದು ಕೇಳಿದಾಗ, "ಮೋಡ ಇತ್ತು ಕಣೇ" ಎಂದು ಹೇಳುವ ನನ್ನ ಮುಖ ನನಗೇ ಕಾಣುತ್ತಿತ್ತು.

ಅಂಥದ್ದರಲ್ಲಿ ಶನಿವಾರ ಬೆಳಗ್ಗೆ ಎದ್ದು ನೋಡಿದರೆ ಆಕಾಶ ಗಂಟು ಮುಖ ಹಾಕಿಕೊಂಡಿದೆ. ಧನಲಕ್ಷ್ಮಿಯ ಫೋನು ಭಾನುವಾರ ಮಳೆ ಎನ್ನುತ್ತದೆ, ಅವಳ ಗಂಡನ ಫೋನು ಬಿಸಿಲು ಎನ್ನುತ್ತದೆ. ಒಂದೇ ಮನೆಯಲ್ಲಿ, ಒಂದೇ ಸೋಫಾದ ಮೇಲೆ! ನಿಮ್ಮಪ್ಪ ಪೇಪರು ನೋಡಿ, "ಮಳೆ ಬಂದ್ರೂ ಬರಬಹುದಂತೆ. ಇದನ್ನ ನಾನೂ ಬರೀತಿದ್ದೆ" ಎಂದರು. ಧನಲಕ್ಷ್ಮಿ ಕ್ಯಾನ್ಸಲ್ ಮಾಡೋಣ ಎಂದಳು. ನಸೀಮಾ ನೀವಿಬ್ಬರೂ ಹೇಗೆ ಹೇಳಿದರೆ ಹಾಗೆ ಎಂದಳು. ಇಬ್ಬರೂ ಕಡೆಗೆ ಕೇಳಿದ್ದು ಒಂದೇ, "ನಿಮ್ಮತ್ತೆ ಏನ್ ಮಾಡವ್ರೆ ನೋಡಿ ಹೇಳು."

ನಮ್ಮ ರಸ್ತೆಯ ಪದ್ಧತಿ ನಿನಗೆ ಗೊತ್ತೇ ಇದೆ. ಹಪ್ಪಳವಾಗಲಿ ಒಣಮೆಣಸಿನಕಾಯಿಯಾಗಲಿ, ಒಣಹಾಕುವವರೆಲ್ಲ ಮೊದಲು ತಲೆ ಎತ್ತಿ ನಮ್ಮ ತಾರಸಿ ನೋಡುತ್ತಾರೆ. ನಿಮ್ಮಜ್ಜಿ ಮುನಿಶಾಮಮ್ಮನವರ ಸಂಡಿಗೆ ಬಿಸಿಲಿಗೆ ಬಂದಿದ್ದರೆ ಮಳೆಯಿಲ್ಲ. ಈ ಲೇಔಟು ಹೊಲವಾಗಿದ್ದ ಕಾಲದಿಂದಲೂ ಅವರ ಸಂಡಿಗೆ ನೆನೆದದ್ದನ್ನು ಕಂಡವರಿಲ್ಲ. ಆ ಹೆಮ್ಮೆ ಅವರಿಗೆ ಚಿನ್ನದ ಸರಕ್ಕಿಂತ ಹೆಚ್ಚು.

ಮೇಲೆ ಹೋಗಿ ನೋಡಿದರೆ ಇಟ್ಟಿದ್ದಾರೆ! ಹಳೆಯ ಪಂಚೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಸಾಲು ಸಾಲಾಗಿ ಅಕ್ಕಿ ಸಂಡಿಗೆ. ಯಾವಾಗ ಎದ್ದು ಹಿಟ್ಟು ಬೇಯಿಸಿದರೋ. ಪಕ್ಕದಲ್ಲಿ ಕಾಗೆ ಓಡಿಸುವ ಕೋಲು ಹಿಡಿದು ಕೂತಿದ್ದವರು ನನ್ನ ಮುಖ ನೋಡದೆಯೇ, "ಇವತ್ತೂ ಬರಾಕಿಲ್ಲ, ನಾಳೀಕೂ ಬರಾಕಿಲ್ಲ. ಓಗಿ ಬಾ ಓಗು" ಎಂದರು. ಬಗ್ಗಿ ಸಂಡಿಗೆ ನೋಡಿದೆ. ಕೆಳಗೆ ಬಂದು ಧನಲಕ್ಷ್ಮಿಗೆ ಫೋನು ಮಾಡಿ, ಅತ್ತೆ ಸಂಡಿಗೆ ಇಟ್ಟಿದ್ದಾರೆ ಎಂದಷ್ಟೇ ಹೇಳಿದೆ. ತೀರ್ಮಾನವಾಯಿತು. ರೈನ್‌ಕೋಟು, ಜಾರದ ಬೂಟು ಎಲ್ಲರೂ ತರಲೇಬೇಕು ಎಂದು ನಾನು ಹಟ ಹಿಡಿದದ್ದಕ್ಕೆ, "ಸಂಡಿಗೆ ಇಟ್ಟಮೇಲೂ ಯಾಕೆ ಬಾಜಿ ಅದೆಲ್ಲ" ಎಂದು ನಸೀಮಾ ನಕ್ಕಳು. ಅವಳ ಬಾಯಲ್ಲಿ ಅಕ್ಕ ಎಂದರೆ ಬಾಜಿ.

ಭಾನುವಾರ ನಾವು ಹೊರಡುವಾಗಲೂ ಅಜ್ಜಿ ಮತ್ತೆ ಸಂಡಿಗೆ ಹರಡುತ್ತಿದ್ದರು. ರೈಲಿನಲ್ಲಿ ಕಿಟಕಿ ಪಕ್ಕ ಯಾರು ಎಂದು ಮೂವರೂ ಶಾಲೆ ಹುಡುಗಿಯರ ಹಾಗೆ ಜಗಳವಾಡಿದೆವು. ಬೆಟ್ಟದ ಬುಡದಲ್ಲಿ ನಮ್ಮ ಗೈಡ್ ಮುನಿಯಲ್ಲಪ್ಪ ಕಾಯುತ್ತಿದ್ದ. ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಅರ್ಧ ಓಗಿ ವಾಪಸ್ ಬಂದ್ರೂ ಪರವಾಗಿಲ್ಲ ಅಮ್ಮಾರೆ" ಎಂದ. ಆ ಮಾತಿಗೇ ಧನಲಕ್ಷ್ಮಿ ರೇಗಿ ಎಲ್ಲರಿಗಿಂತ ಮುಂದೆ ನಡೆದಳು.

ಅರ್ಧ ದಾರಿಗೆ ಮಳೆ ಬಂತು ಕಣೇ. ಹನಿಯಲ್ಲ, ಸುರಿಯಿತು. ಮುನಿಯಲ್ಲಪ್ಪ ನಮ್ಮನ್ನು ಒಂದು ದೊಡ್ಡ ಬಂಡೆಯ ಅಡಿಗೆ ಸೇರಿಸಿ, ಮಳೆ ನಿಂತು ಬಂಡೆ ಒಣಗಿದರೆ ಮೇಲೆ, ಇಲ್ಲದಿದ್ದರೆ ಕೆಳಗೆ ಎಂದು ಹೇಳಿ ತಾನೂ ಕೂತ. ನನಗೆ ಹೆದರಿಕೆ ಮಳೆಯದಲ್ಲ, ಎಲ್ಲಿ ಇಳಿ ಎನ್ನುತ್ತಾನೋ ಎಂದು. ನಸೀಮಾ ಹಬ್ಬದ ಶೀರ್ ಖುರ್ಮಾ ಪಾಯಸಕ್ಕೆ ತಂದು ಮಿಕ್ಕಿದ್ದ ಖರ್ಜೂರ ತೆಗೆದಳು, ನಾನು ಚಿತ್ರಾನ್ನದ ಡಬ್ಬಿ ಬಿಚ್ಚಿದೆ. ಧನಲಕ್ಷ್ಮಿ, "ನಿಮ್ಮತ್ತೆ ಸಂಡಿಗೆ ಈಗ ಈಜ್ತಾ ಇರ್ಬೇಕು" ಎಂದಳು ನೋಡು, ನಗು ಶುರುವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ.

ಮಳೆ ನಿಂತಿತು, ಗಾಳಿ ಬೀಸಿತು, ಬಂಡೆ ಒಣಗಿತು. ಮುನಿಯಲ್ಲಪ್ಪ ಚಪ್ಪಲಿ ಕಳಚಿ ಬಂಡೆಯ ಮೇಲೆ ನಾಲ್ಕು ಹೆಜ್ಜೆ ಓಡಾಡಿ, "ಬನ್ನಿ" ಎಂದ. ಕೆಲವು ಕಡೆ ಕೂತು, ಕೆಲವು ಕಡೆ ಅಂಬೆಗಾಲಿಟ್ಟು ಕೋಟೆ ಬಾಗಿಲು ದಾಟಿ ತುದಿ ಸೇರಿದೆವು. ಅಲ್ಲಿ ಏನಿದೆ ಎಂದು ನಿನ್ನನ್ನು ಎಷ್ಟು ಸಲ ಬೈದು ಕೇಳಿದ್ದೇನೆ! ಏನೂ ಇಲ್ಲ. ಗಾಳಿ ಇದೆ. ಕೆಳಗೆ ನಾವು ಬಂದಂಥದೇ ಒಂದು ರೈಲು ಬೆಟ್ಟ ಬಳಸಿ ಹೋಗುತ್ತಿತ್ತು, ಮಕ್ಕಳ ಆಟದ ಸಾಮಾನಿನಷ್ಟು. ಅದಕ್ಕೆ ಕೈ ಬೀಸಿದೆ. ಯಾರಿಗೆ ಬೀಸಿದೆನೋ ಗೊತ್ತಿಲ್ಲ. ಕಣ್ಣಲ್ಲಿ ನೀರು ಬಂತು, ನಿನ್ನ ನೆನಪಾಯಿತು, ನೀನು ಯಾಕೆ ಹೋಗುತ್ತೀಯ ಎಂದು ಇನ್ನು ಕೇಳುವುದಿಲ್ಲ ಎಂದುಕೊಂಡೆ.

ಮನೆಗೆ ಬಂದರೆ ಇಲ್ಲಿಯೂ ಮಳೆಯಾಗಿತ್ತು. ಅಜ್ಜಿಯ ಸಂಡಿಗೆ ಪಂಚೆಗೆ ಅಂಟಿಕೊಂಡು ಮುದ್ದೆ. ಅವರನ್ನು ನಂಬಿ ಹಪ್ಪಳ ಹಾಕಿದ್ದ ಎದುರು ಮನೆ ಮುರುಗೇಶ್ ಹೆಂಡತಿ, ಇನ್ನು ಮೇಲೆ ಫೋನು ನೋಡಿಯೇ ಒಣಹಾಕುತ್ತೇನೆ ಎಂದು ಗೇಟಿನ ಹತ್ತಿರ ನಿಂತು ಹೇಳಿ ಹೋದರಂತೆ. ಅಜ್ಜಿ ಅಷ್ಟಕ್ಕೂ, "ವಯಸ್ಸಾಯ್ತು ಕಣವ್ವಾ, ಲೆಕ್ಕ ತಪ್ಪೋಯ್ತು" ಎಂದರಂತೆ. ಅವರು ಸೋತು ಮಾತಾಡಿದ್ದನ್ನು ನಾನು ಈ ಮನೆಗೆ ಬಂದಮೇಲೆ ಕೇಳಿದ್ದು ಇದೇ ಮೊದಲು. ಆದರೆ ಸೋತವರ ಮುಖ ಇರಲಿಲ್ಲ. ನನ್ನ ಕಾಲಿಗೆ ಬಿಸಿ ಎಳ್ಳೆಣ್ಣೆ ತಿಕ್ಕುತ್ತಾ, "ಮ್ಯಾಲಿಂದ ಏನ್ ಕಾಣ್ತದೆ? ನಮ್ಮನೆ ಕಾಣ್ತದಾ?" ಎಂದು ಬಿಡದೆ ಕೇಳಿದರು. ಕಾಣುತ್ತದೆ ಎಂದುಬಿಟ್ಟೆ.

ಇನ್ನು ನಿನ್ನ ವಿಷಯ. ಕೊಟ್ಟ ಮಾತು ನಿನಗೇ ವಾಪಸು. ನಿಮ್ಮ ಗುರುಗಳು ಹತ್ತು ಎಂದರೆ ಹತ್ತು, ಇಳಿ ಎಂದರೆ ಮರುಮಾತಿಲ್ಲದೆ ಇಳಿ. ಅಲ್ಲಿನ ಮೋಡದ ಲೆಕ್ಕ ಅವರದು, ಅಲ್ಲಾಳಸಂದ್ರದಲ್ಲಿ ಕೂತ ನನ್ನದಲ್ಲ. ತುದಿಯಲ್ಲಿ ನಿಂತಾಗ ಒಮ್ಮೆ ದಕ್ಷಿಣಕ್ಕೆ ಕೈ ಬೀಸು, ಸಾಕು.

ಮೊಣಕಾಲು ನೋಯುತ್ತಿದ್ದರೂ ನಗುತ್ತಿರುವ
ನಿನ್ನ ಅಮ್ಮ,
ಯಶೋಧಾ

ಮರೆತಿದ್ದೆ: ಶನಿವಾರ ಬಗ್ಗಿ ಸಂಡಿಗೆ ನೋಡಿದೆ ಎಂದೆನಲ್ಲ, ಮುಟ್ಟಿಯೂ ನೋಡಿದೆ. ಕಲ್ಲಿನಂತೆ ಒಣಗಿತ್ತು. ಹೋದ ವರ್ಷದ್ದು, ನಾನು ಹೊರಡಲಿ ಎಂದೇ ಡಬ್ಬದಿಂದ ತೆಗೆದು ಹರಡಿದ್ದರು. ಮಳೆ ಬರುತ್ತದೆಂದು ಅವರಿಗೆ ಗೊತ್ತಿತ್ತು, ಆ ಕ್ಷಣದಿಂದ ನನಗೂ ಗೊತ್ತಿತ್ತು. ಮೋಡ ಇರುವಾಗಲೇ ಹತ್ತಿದ್ದೇನೆ, ಬಂದಮೇಲೆ ಮಾತಾಡೋಣ. ಮುರುಗೇಶ್ ಮನೆಗೆ ನಾಳೆ ಒಂದು ಡಬ್ಬ ಹಪ್ಪಳ ಕೊಟ್ಟು ಬರುತ್ತೇನೆ. ಅಜ್ಜಿಗೆ ಮಾತ್ರ ಇದನ್ನು ಹೇಳಬೇಡ. ನನ್ನನ್ನು ಚೆನ್ನಾಗಿ ಏಮಾರಿಸಿದೆ ಎಂಬ ಖುಷಿಯಲ್ಲಿ ಎರಡು ದಿನದಿಂದ ಒಬ್ಬರೇ ನಗುತ್ತಿದ್ದಾರೆ.