ಬ್ರಿಂಕ್‌ಹೋಫರ ಅಂಗಿ

ಅಪ್ಪಾ,

ನೀವು ತೀರಿಕೊಂಡು ಎರಡು ವರ್ಷವಾದದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಬ್ರಿಂಕ್‌ಹೋಫ್ ವಂಶದ ಕೂಟವಿತ್ತು. ಬ್ರೆಜಿಲ್ಲಿನ ಮೂಲೆಮೂಲೆಯಿಂದ ಮುನ್ನೂರು ಜನ ಬಂದಿದ್ದರು. ಎಲ್ಲರ ಮೈಮೇಲೂ ವಂಶದ ಗುರುತೆಂದು ನೀವೇ ಆರಿಸಿದ್ದ ಸಿಂಹದ ಚಿತ್ರದ ಅಂಗಿ. ನನ್ನ ಗಂಡ ವಾಲ್ಮೀರ್ ಮಾತ್ರ ಎಂದಿನಂತೆ ಬನಿಯನ್ನಿನಲ್ಲಿ ನಿಂತು ಮಾಂಸ ಸುಡುತ್ತಿದ್ದ. ವಂಶದ ಹೆಸರಿಲ್ಲದವನಿಗೆ ಅಂಗಿಯೂ ಇಲ್ಲ, ಕುರ್ಚಿಯೂ ಇಲ್ಲ ಎಂಬುದು ನಿಮ್ಮ ಕಟ್ಟಳೆ ತಾನೆ?

ಜರ್ಮನಿಗೆ ಹೋಗಿ ಚರ್ಚಿನ ದಾಖಲೆ ನೋಡಿಬಂದ ನಿಮ್ಮ ತಂಗಿ ಎಲ್ವೀರಾ ಅತ್ತೆ ಮೈಕು ಹಿಡಿದಳು.

"ಕೇಳ್ರಪ್ಪಾ, ನಮ್ಮ ಮೂಲಪುರುಷ ಬ್ರಿಂಕ್‌ಹೋಫೇ ಅಲ್ಲ! ಅದು ಅವನ ಹೆಂಡ್ತಿ ತೋಟದ ಹೆಸರು. ಆ ಕಡೆ ಮನೆಅಳಿಯ ಆದೋನು ತೋಟದ ಹೆಸರೇ ಇಟ್ಕೋಬೇಕಿತ್ತಂತೆ. ದೊಡ್ಡ ಮಗನಿಗೆ ತೋಟ ಸಿಕ್ತು. ಕಿರಿಯವನು ಬರೀ ಹೆಸರು ಹೊತ್ಕೊಂಡು ಬ್ರೆಜಿಲ್ಲಿನ ಹಡಗು ಹತ್ತಿದ. ಅವನೇ ನಮ್ಮಜ್ಜ."

"ಮನೆಅಳಿಯನಾ?" ಚಿಕ್ಕಪ್ಪನ ಗಂಟಲಲ್ಲಿ ಸಾಸೇಜು ಸಿಕ್ಕಿಕೊಂಡಿತು.

"ಪಾಪ, ಅವನಿಗೂ ಮಾವನ ಕಾಟ ಇತ್ತೇನೋ" ಎಂದ ವಾಲ್ಮೀರ್, ಮಾಂಸ ತಿರುವುತ್ತ. ಮುನ್ನೂರು ಜನವೂ ನಕ್ಕರು.

ನಿಮ್ಮ ಕುರ್ಚಿಯ ಬೆನ್ನಿಗೆ ನಾನು ಹಾಕಿಟ್ಟಿದ್ದ ನಿಮ್ಮ ಅಂಗಿಯನ್ನು ಚಿಕ್ಕಪ್ಪ ತಾನೇ ತೆಗೆದು ವಾಲ್ಮೀರನಿಗೆ ತೊಡಿಸಿದ. ನಿಮಗೆ ಹೊಟ್ಟೆಯ ಹತ್ತಿರ ಬಿಗಿಯಾಗುತ್ತಿತ್ತಲ್ಲ, ಅವನಿಗೂ ಅಲ್ಲೇ ಬಿಗಿ.

"ಇಪ್ಪತ್ತು ವರ್ಷ ನಿಂತಿದ್ದು ಸಾಕು, ಕೂತ್ಕೋ" ಎಂದೆ.

ಅವನು ಕೂರುವ ಮೊದಲು ನಿಮ್ಮ ಕುರ್ಚಿಯ ಧೂಳು ಒರೆಸಿದ.