ಮೂಲೆ ಕತ್ತರಿಸಿದ ಕಾರ್ಡುಗಳು

೧೬-೧-೧೯೬೭, ಸೋಮವಾರ. ಮೂಡಬಿದ್ರೆ

ತಮ್ಮ ಗಂಜಿ ತಿಳಿ ಎರಡು ಸೌಟು ಕುಡಿದ. ಜ್ವರ ಇಳಿಯಲಿಲ್ಲ. ಇಂದಿಗೆ ಹನ್ನೊಂದು ದಿನ. ಬಸದಿಗೆ ಹೋಗಿ ಬಂದೆ. ಏನು ಬೇಡಿಕೊಂಡೆನೋ ನೆನಪಿಲ್ಲ.

ಡಾಕ್ಟರು ರುಕ್ಮಯ್ಯ ಬಂದಿದ್ದರು. ಟೈಫಾಯ್ಡು, ಪದ್ಮಯ್ಯನಿಗೆ ಬೇಸರದ ಸುದ್ದಿ ಯಾವುದೂ ಹೇಳಬಾರದು ಎಂದರು. "ನಿಮ್ಮ ತಮ್ಮ ದೊಡ್ಡ ವಿಜ್ಞಾನಿ ಇರಬಹುದು ಅಮ್ಮ, ಕರುಳಿಗೆ ಅದು ಗೊತ್ತಿಲ್ಲ." ನಗಿಸಲಿಕ್ಕೆ ಹೇಳಿದ್ದು. ನಗು ಬರಲಿಲ್ಲ.

೧೯-೧, ಗುರುವಾರ

ಪೋಸ್ಟಿನ ಅಬ್ದುಲ್ ಮಜೀದ್ ಅಮೆರಿಕದ ದಪ್ಪ ಲಕೋಟೆ ತಂದ. ತಮ್ಮನಿಗೆ ಪ್ರಜ್ಞೆ ಸರಿ ಇಲ್ಲ. ಜರೂರಿನದ್ದೋ ಏನೋ ಎಂದು ಜಗಲಿಯಲ್ಲೇ ಒಡೆದೆ. ಒಳಗೆ ಕಾಗದ ಇಲ್ಲ — ಉದ್ದುದ್ದ ಕಾರ್ಡುಗಳು. ಮೈತುಂಬ ತೂತು. ಮೇಲೆ ಒಂದು ಸಾಲು ಇಂಗ್ಲಿಷು. ಎಲ್ಲದರ ಒಂದು ಮೂಲೆ ಕತ್ತರಿಸಿದೆ.

ಸಾವಿನ ಸುದ್ದಿ ಬರೆದ ಕಾಗದಕ್ಕಲ್ಲದೆ ಮೂಲೆ ಯಾರು ತೆಗೆಯುತ್ತಾರೆ?

"ಇಷ್ಟು ಮಂದಿ ಒಟ್ಟಿಗೆಯಾ ಅಮ್ಮ?" ಎಂದ ಮಜೀದ್.

"ವಿಮಾನ ಬಿದ್ದಿರಬೇಕು."

"ಒಳಗೆ ಕೊಂಡು ಹೋಗಬೇಡಿ. ಸಾರ್ ನೋಡಿದರೆ ಕಷ್ಟ."

ತಮ್ಮ ಅಲ್ಲಿ ಎರಡು ವರ್ಷ ಓದಿದವನು. ಎಲ್ಲ ಸ್ನೇಹಿತರೇ ಇರಬೇಕು. ಅಂಥ ಕಾಗದ ಮನೆಯಲ್ಲಿ ಇಟ್ಟುಕೊಳ್ಳುವ ಕ್ರಮ ಇಲ್ಲ. ಬಚ್ಚಲ ಒಲೆಗೆ ಒಂದೊಂದೇ ಹಾಕಿದೆ. ಒಂದೊಂದಕ್ಕೂ ಒಂದು ಣಮೋಕಾರ ಮಂತ್ರ. ಮೂವತ್ತೊಂದು. ತಲೆಗೆ ನೀರು ಹಾಕಿಕೊಂಡೆ. ಎದ್ದು ಓಡಾಡುವ ಹಾಗಾದ ಮೇಲೆ ಹೇಳುವ.

೨೮-೧, ಶನಿವಾರ

ಜ್ವರ ಬಿಟ್ಟಿತು. ಮೆತ್ತಗಿನ ಅನ್ನ ತಿಂದ. "ಅಕ್ಕ, ಅಮೆರಿಕದಿಂದ ಟಪಾಲು ಬಂತಾ?" ಕೇಳಿದ.

ಇಲ್ಲ ಎಂದೆ. ಸುಳ್ಳು. ಆ ತಪ್ಪಿಗೆ ಈ ಹೊತ್ತು ಊಟದಲ್ಲಿ ಉಪ್ಪು ಬಿಟ್ಟೆ.

೫-೨, ಭಾನುವಾರ

ದಿಂಬಿಗೆ ಒರಗಿ ಕೂತು ತುಂಬ ಮಾತಾಡಿದ. ಹದಿನಾಲ್ಕಕ್ಕೆ ಬೆಂಗಳೂರಿನಲ್ಲಿ ಇಂಟರ್‌ವ್ಯೂ ಅಂತೆ. ದೊಡ್ಡ ಹುದ್ದೆ. ಸಿಕ್ಕಿದರೆ ಅವನದ್ದೇ ಲ್ಯಾಬೊರೇಟರಿ, ಕರಿಮೆಣಸಿನ ಸೊರಗು ರೋಗಕ್ಕೇ. ಹತ್ತು ವರ್ಷದಿಂದ ಅವನು ಕೇಳುತ್ತಿರುವುದು ಅದನ್ನೇ. ಅದೇ ಹುದ್ದೆಗೆ ಎದುರು ನಿಂತವರು ಅವನ ಆಫೀಸಿನವರೇ ಒಬ್ಬರು ರಾಯರು.

"ರಾಯರದ್ದು ಇಪ್ಪತ್ತಾರು ಲೇಖನ. ನನ್ನದು ಒಂಬತ್ತು. ಆದರೆ ರಾಯರದ್ದನ್ನು ರಾಯರೇ ಓದುವುದು."

"ನಿನ್ನದನ್ನು ಓದ್ತಾರೆ ಅಂತ ಹೇಗೆ ಗೊತ್ತು?"

"ಅಮೆರಿಕದಲ್ಲಿ ಈಗ ಒಂದು ಯಂತ್ರ ಉಂಟು ಅಕ್ಕ. ಯಾರು ಯಾರ ಲೇಖನವನ್ನು ತಮ್ಮ ಲೇಖನದಲ್ಲಿ ಹೆಸರಿಸಿದ್ದಾರೆ ಅಂತ ಲೆಕ್ಕ ಇಡ್ತದೆ. ಒಬ್ಬರು ಹೆಸರಿಸಿದರೆ ಒಂದು ಕಾರ್ಡು. ನನ್ನದನ್ನು ತೆಗೆಸಿ ಕಳಿಸ್ತೇನೆ ಅಂತ ನನ್ನ ಪ್ರೊಫೆಸರು ಬರೆದಿದ್ದಾರೆ."

"ಊಟಕ್ಕೆ ಎಷ್ಟು ಬಗೆ ಮಾಡಿದರು ಅಂತಲ್ಲ, ಯಾವುದನ್ನು ಎರಡನೇ ಸಲ ಕೇಳಿ ಬಡಿಸಿಕೊಂಡರು ಅಂತ."

"ಅಷ್ಟೇ! ನೀನೇ ಹೋಗಿ ಇಂಟರ್‌ವ್ಯೂ ಬೋರ್ಡಿನಲ್ಲಿ ಕೂತುಕೋ." ಕಾಯಿಲೆ ಬಿದ್ದ ಮೇಲೆ ಮೊದಲ ಸಲ ನಕ್ಕ. "ಹತ್ತು ಬಂದರೆ ಸಾಕು. ದಪ್ಪ ಕಾರ್ಡು, ತುಂಬ ತೂತು. ಒಂದು ಮೂಲೆ ಕತ್ತರಿಸಿ ಇರ್ತದೆ, ಯಾವ ಕಡೆ ಮೇಲೆ ಅಂತ ತಿಳಿಯಲಿಕ್ಕೆ…"

ಎದ್ದು ಒಳಗೆ ಬಂದೆ. ಹಾಲು ಉಕ್ಕುತ್ತಿತ್ತು. ನೋಡುತ್ತಾ ನಿಂತೆ.

೭-೨, ಮಂಗಳವಾರ

ಹೇಳಿದೆ. ಕೂತು ಹೇಳಲಿಕ್ಕೆ ಆಗಲಿಲ್ಲ. ಬಾಗಿಲಲ್ಲಿ ನಿಂತು ಹೇಳಿದೆ.

"ಎಲ್ಲ ಸುಟ್ಟೆಯಾ?"

"ಎಲ್ಲ."

"ಎಷ್ಟಿತ್ತು?"

"ಮೂವತ್ತೊಂದು."

"ಸರಿ ಎಣಿಸಿದ್ದೀಯಾ?"

"ಒಂದೊಂದಕ್ಕೂ ಣಮೋಕಾರ ಹೇಳಿದ್ದೇನೆ. ತಪ್ಪಲಿಕ್ಕಿಲ್ಲ."

ದಿಂಬು ಸರಿಸಿ ನೆಟ್ಟಗೆ ಕೂತ. ಆಮೇಲೆ — "ಬದುಕಿದ್ದ ಮೂವತ್ತೊಂದು ಜನಕ್ಕೆ ಸದ್ಗತಿ ಕೊಡಿಸಿದೆಯಲ್ಲ ಮಾರಾಯ್ತಿ."

ಬೈದಿದ್ದರೆ ಒಳ್ಳೆಯದಿತ್ತು.

ಅಮೆರಿಕಕ್ಕೆ ತಂತಿ ಕೊಟ್ಟರೂ ಕಾರ್ಡು ಬರಲಿಕ್ಕೆ ಎರಡು ವಾರ ಬೇಕಂತೆ. ಇರುವುದು ಏಳು ದಿನ.

೧೭-೨, ಶುಕ್ರವಾರ, ಸಂಜೆ

ಹೊತ್ತು ಮುಳುಗುವ ಮೊದಲು ಬೆಂಗಳೂರಿನಿಂದ ಬಂದ. ಕೂಡಲೇ ಬಡಿಸಿದೆ. ಉಂಡ.

ಕೆಲಸ ರಾಯರಿಗೆ.

ಬೋರ್ಡಿನವರು ಆಧಾರ ಕೇಳಿದರಂತೆ. ಮೂವತ್ತೊಂದು ಕಾರ್ಡು ಬಂದಿತ್ತು, ಸುಟ್ಟು ಹೋಯಿತು ಎಂದನಂತೆ. ಯಾರು ಎಣಿಸಿದ್ದು? ಅಕ್ಕ. ನಕ್ಕರಂತೆ. ಒಬ್ಬರು, ಅಕ್ಕ ಯಾವ ಕ್ಲಾಸು ಎಂದು ಕೇಳಿದರಂತೆ.

"ಏನು ಹೇಳಿದೆ?"

"ನಾಲ್ಕನೇ ಕ್ಲಾಸು ಅಂದೆ. ಲೆಕ್ಕ ತಪ್ಪುವವಳಲ್ಲ ಅಂದೆ."

ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಎಂಜಲು ತೆಗೆದೆ, ಗೋಮಯ ಸಾರಿಸಿದೆ. ಅವನು ಕೈ ತೊಳೆದು ಅಲ್ಲೇ ನಿಂತಿದ್ದ. ಒಂದು ಕೇಳ್ತೇನೆ ಅಕ್ಕ ಎಂದ.

"ಕಾರ್ಡಿನ ಮೇಲಿನ ಸಾಲಿನಲ್ಲಿ ಹೆಸರು ಇದ್ದಿರಬೇಕು. ನನ್ನದನ್ನು ಓದಿದವರ ಹೆಸರು. ಯಾರೆಲ್ಲ?"

"ಇಂಗ್ಲಿಷು. ನನಗೆ ಏನು ತಿಳಿಯುತ್ತದೆ?"

"ಕೆಲಸ ಹೋಯಿತು, ಹೋಗಲಿ. ಒಬ್ಬರದ್ದಾದರೂ ಗೊತ್ತಾದರೆ ಸಾಕಿತ್ತು. ಅಕ್ಷರದ ಆಕಾರ ನೆನಪು ಮಾಡು."

ಕಣ್ಣು ಮುಚ್ಚಿದೆ. ತೂತುಗಳು ಕಾಣುತ್ತವೆ. ಅದರ ಹಿಂದೆ ಬೆಂಕಿ. ಕೊನೆಯದು ಸುರುಳಿ ಸುತ್ತಿ ಒಮ್ಮೆ ಬಿಚ್ಚಿಕೊಂಡಿತ್ತು, ಆಗ ಮೊದಲ ಅಕ್ಷರ… ಬರೆದು ತೋರಿಸಲಾ ಎಂದೆ. ಬಿಳಿ ಹಾಳೆ ಹುಡುಕಿ ತರುತ್ತೇನೆ ಎಂದು ಹೋಗಿದ್ದಾನೆ. ಮರೆಯುವ ಮೊದಲು ಇಲ್ಲೇ ಬರೆದುಬಿಡುತ್ತೇನೆ. ನೇರ ಒಂದು ಗೀಟು. ಅದರ ಬಲಕ್ಕೆ, ಮೇಲಿನಿಂದ—