ಅಡ್ಡಗಾಳಿಗೆ ಇಳಿದದ್ದು

ಕೊಲ್ಹಾಪುರ
೧೪ ಆಗಸ್ಟ್ ೧೯೬೩

ಅಕ್ಕ ಹಾಲವ್ವನಿಗೆ ನಿನ್ನ ತಮ್ಮ ಬಸಗೊಂಡನ ಶರಣು.

ಪಂಚಮಿಗೆ ಗಡಹಿಂಗ್ಲಜಕ್ಕೆ ಬರಲಿಲ್ಲವೆಂದು ನೀನು ಸಿಟ್ಟಾಗಿದ್ದೀಯಂತೆ. ಸಾತಪ್ಪ ಮಾವ ತಂದುಕೊಟ್ಟ ಉಂಡಿಗಳನ್ನೆಲ್ಲ ತಿಂದು ಮುಗಿಸಿದೆ, ಒಂದು ಸಾಲು ಉತ್ತರ ಬರೆಯಲಿಲ್ಲ. ತಪ್ಪಾಯಿತು. ಮೈಗೆ ಏನೂ ಆಗಿಲ್ಲ, ಗಾಬರಿಯಾಗಬೇಡ. ನಿನ್ನ ಮುಂದೆ ಬಂದು ಕೂಡುವ ಧೈರ್ಯ ಇರಲಿಲ್ಲ, ಅಷ್ಟೇ.

ಇಲ್ಲಿ ಮಳೆ ಹಿಡಿದುಕೊಂಡಿದೆ, ಪಂಚಗಂಗೆ ತುಂಬಿದೆ. ವಿಮಾನ ಕ್ಲಬ್ಬಿನ ಹುಡುಗರು ಮಳೆ ಬಿಡುವುದನ್ನೇ ಕಾಯುತ್ತ ಚಹಾ ಕುಡಿಯುತ್ತಾರೆ. ವಿಮಾನ ಕಂಪನಿಯವರು ಹೊಸ ದೊಡ್ಡ ವಿಮಾನಗಳ ತರಬೇತಿಗೆ ನನ್ನನ್ನು ಕರೆಯದೆ ಇದ್ದಾಗ, ಮುಂಬೈ ಬಿಟ್ಟು ಇಲ್ಲಿಗೆ ಬಂದು ವಿಮಾನ ಕಲಿಸುವ ಮಾಸ್ತರನಾದೆ. ಅದರ ನಾಚಿಕೆ ನನಗಿಲ್ಲ. ನಾಚಿಕೆ ಬೇರೆ ಇದೆ.

ಇಚಲಕರಂಜಿಯ ಮಗ್ಗದ ಮಾಲೀಕ ರಾವಸಾಹೇಬರ ಮಗಳು ಕಾಂಚನ ನನ್ನ ಹತ್ತಿರ ಕಲಿಯುತ್ತಿದ್ದಳು. ಭಾನುವಾರ ಮೊದಲ ಬಸ್ಸಿಗೆ ಬಂದು, ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ವಿಮಾನ ಹತ್ತುವವಳು. ಕಳೆದ ತಿಂಗಳು ಮಳೆ ಬಿಟ್ಟ ಒಂದು ಮುಂಜಾನೆ ಗಾಳಿ ಓಡುದಾರಿಗೆ ಅಡ್ಡ ಬೀಸುತ್ತಿತ್ತು. "ಇವತ್ತ ಅಡ್ಡಗಾಳಿಯೊಳಗ ಹೆಂಗ ಇಳಸೂದು ತೋರಸ್ತೇನಿ, ನೀ ಬರೇ ನೋಡು" ಎಂದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದೆ.

ಕಂಪನಿಯ ಆ ಭಾರೀ ಡಕೋಟಾ ವಿಮಾನ ಇಳಿಸುವಾಗ ಮೂತಿಯನ್ನು ಗಾಳಿಯ ಕಡೆಗೆ ಓರೆ ಮಾಡಿಕೊಂಡು ಬಂದು, ನೆಲ ಮುಟ್ಟುವ ಹೊತ್ತಿಗೆ ನೇರ ಮಾಡುತ್ತಿದ್ದೆ. ಉಳಿದದ್ದನ್ನು ಅದರ ಭಾರವೇ ನೋಡಿಕೊಳ್ಳುತ್ತಿತ್ತು. ಈ ಎರಡು ಸೀಟಿನ ವಿಮಾನಕ್ಕೆ ಆ ಭಾರ ಎಲ್ಲಿಯದು? ಹಿಡಿಕೆಯನ್ನು ಗಾಳಿಯ ಕಡೆಗೆ ಒತ್ತಿ ಆ ಬದಿಯ ರೆಕ್ಕೆಯನ್ನು ತುಸು ತಗ್ಗಿಸಬೇಕು, ಕಾಲಿನ ಪೆಡಲಿನಿಂದ ಮೂತಿಯನ್ನು ನೇರ ಹಿಡಿಯಬೇಕು. ನೆಲ ಮುಟ್ಟಿತೆಂದು ಬಿಡುವಂತಿಲ್ಲ, ಪೂರ್ತಿ ನಿಲ್ಲುವ ತನಕ ಆ ರೆಕ್ಕೆಯನ್ನು ತಗ್ಗಿಸಿಯೇ ಹಿಡಿದಿರಬೇಕು. ಇದನ್ನೆಲ್ಲ ಅವಳಿಗೆ ಬಾಯಿಂದ ನಾನೇ ಹೇಳಿಕೊಟ್ಟಿದ್ದೆ. ಆದರೆ ಚಕ್ರ ನೆಲಕ್ಕೆ ತಾಗಿದ ಕೂಡಲೇ ಡಕೋಟಾದ ಹಳೆಯ ರೂಢಿಯಂತೆ ನನ್ನ ಕೈ ಸಡಿಲಾಯಿತು. ಗಾಳಿ ರೆಕ್ಕೆಯನ್ನು ಎತ್ತಿತು. ವಿಮಾನ ಗಿರ್ರನೆ ತಿರುಗಿತು, ಆಚೆ ಬದಿಯ ರೆಕ್ಕೆ ನೆಲ ಉಜ್ಜಿತು, ಚಕ್ರದ ಕಾಲು ಮಡಚಿಕೊಂಡಿತು. ಇಬ್ಬರಿಗೂ ಗಾಯವಿಲ್ಲ, ಶಿವನ ಪುಣ್ಯ.

ಕ್ಲಬ್ಬಿನ ಕಾರ್ಯದರ್ಶಿ ಕಾಕಾಸಾಹೇಬರು ಓಡಿ ಬಂದರು. ನಾನು ಬಾಯಿ ತೆರೆಯುವ ಮೊದಲೇ ಕಾಂಚನ, "ನಂದ ತಪ್ಪ್ರಿ. ನಾನ ಹಿಡಿಕಿಗಿ ಕೈ ಹಚ್ಚಿದ್ನಿ" ಎಂದುಬಿಟ್ಟಳು.

"ಇಲ್ರೀ, ಇಳಸಾಕತ್ತಿದ್ದಾಂವ ನಾನು. ತಪ್ಪು ನಂದು" ಎಂದೆ.

ಕಾಕಾಸಾಹೇಬರು ನನ್ನ ಭುಜ ತಟ್ಟಿದರು. "ರಾಹೂ ದ್ಯಾ, ಇರಲಿ ಬಿಡ್ರಿ, ಕ್ಯಾಪ್ಟನ್ ಸಾಹೇಬ. ಡಕೋಟಾ ಇಳಿಸಿದ ಕೈ ಈ ಗುಬ್ಬಿ ಮುಂದ ಸೋಲತೈತೇನು? ನಮಗ ತಿಳಿಯೂದಿಲ್ಲೇನು?"

ಕ್ಲಬ್ಬಿನ ಕಮಿಟಿಯ ಮುಂದೆಯೂ ತಪ್ಪು ನನ್ನದೆಂದೇ ಹೇಳಿದೆ. ಹೇಳಿದಷ್ಟೂ ನನ್ನ ಹೆಸರು ದೊಡ್ಡದಾಯಿತು, ಅವಳ ಹೆಸರು ಕೆಟ್ಟಿತು. ಹುಡುಗಿಯ ಮರ್ಯಾದೆ ಉಳಿಸಲು ಕ್ಯಾಪ್ಟನ್ ತಪ್ಪನ್ನು ಮೈಮೇಲೆ ಹೊತ್ತುಕೊಂಡರು ಎಂದು ಚಹಾದ ಅಂಗಡಿಯವರೆಗೂ ಸುದ್ದಿ ಹೋಯಿತು. ನನ್ನನ್ನು ಕಂಡವರೆಲ್ಲ ಕೈ ಮುಗಿಯತೊಡಗಿದರು. ಅಕ್ಕಾ, ಮಂದಿ ಬೈದರೆ ತಡೆದುಕೊಳ್ಳಬಹುದು. ಇದನ್ನು ತಡೆಯಲಾಗಲಿಲ್ಲ.

ಇಚಲಕರಂಜಿಗೆ ಹೋದೆ. ಅವರ ಮನೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು. ಆ ಸದ್ದಿನಲ್ಲಿ ಪಿಸುಮಾತಿನಲ್ಲಿ ಆಡಬೇಕಾದ ಮಾತನ್ನು ಕೂಗಿ ಹೇಳಬೇಕಾಯಿತು. "ತಪ್ಪು ನಂದ್ರಿ!" ಎಂದೆ. ರಾವಸಾಹೇಬರು ಕಿವಿಗೆ ಕೈ ಹಚ್ಚಿ "ಏನಂದ್ರಿ?" ಎಂದರು. ಮತ್ತೊಮ್ಮೆ ಕೂಗಿದೆ. ಅವರು ನನ್ನ ಕೈ ಹಿಡಿದು ಒಳಗೆ ಕರೆದೊಯ್ದು, ಶಿರಾ ತಿನ್ನಿಸಿ ಹೇಳಿದರು: "ಸಾಹೇಬ್ರ, ನಿಮ್ಮಂಥಾವ್ರು ನಮ್ಮನಿ ತನಕಾ ಬಂದು ಸುಳ್ಳ ಹೇಳೂ ಹಂಗ ಆತಂದ್ರ, ನಮ್ಮ ಹುಡಿಗಿ ಕೈ ಎಷ್ಟ ಕೆಟ್ಟಿರಬೇಕು! ಸಾಕ್ರಿ. ಇನ್ನ ಅಕಿ ವಿಮಾನಕ್ಕ ಬರೂದಿಲ್ಲ."

ಹೊರಡುವಾಗ ಬಾಗಿಲ ತನಕ ಕಾಂಚನ ಬಂದಳು. "ಸರ್, ಇನ್ನ ಹೇಳಾಕ ಹೋಗಬ್ಯಾಡ್ರಿ. ನೀವು ಹೇಳಿದಷ್ಟೂ ಅಪ್ಪಾ ನನ್ನ ಕಡೆ ಕನಿಕರದಿಂದ ನೋಡ್ತಾರು."

ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದೆ. ವಿಮಾನ ರಿಪೇರಿಯಾಗಿ ಬಂದಿದೆ. ಗಾಳಿ ಇದ್ದ ದಿನ ಒಬ್ಬನೇ ಹೋಗಿ, ಹೊಸಬನ ಹಾಗೆ ಇಳಿಯುವುದನ್ನು ಮೊದಲಿಂದ ರೂಢಿ ಮಾಡುತ್ತಿದ್ದೇನೆ. ಕೈ ಈಗ ಹದಕ್ಕೆ ಬರುತ್ತಿದೆ. ಅವಳು ಮಾತ್ರ ಬರುವುದಿಲ್ಲ.

ಮಾವನಿಗೆ ಶರಣು ಹೇಳು. ಮಕ್ಕಳಿಗೆ ನನ್ನ ಆಶೀರ್ವಾದ. ಅವರು ಚೆನ್ನಾಗಿ ಓದಲಿ, ನಿನ್ನ ಮೊಣಕಾಲು ನೋವು ಕಡಿಮೆಯಾಗಲಿ.

ನಿನ್ನ ತಮ್ಮ,
ಬಸಗೊಂಡ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಓದಿ ನೋಡಿದೆ. ಅಕ್ಕಾ, ನಿನಗೂ ಅರ್ಧವೇ ಹೇಳಿದ್ದೇನೆ. ಕಾಂಚನ ಹಿಡಿಕೆಗೆ ಕೈ ಹಚ್ಚಿದ್ದು ನಿಜ. ನನ್ನ ಕೈ ಸಡಿಲಾದದ್ದನ್ನು ಕಂಡು, ಹಿಡಿಕೆಯನ್ನು ಗಾಳಿಯ ಕಡೆಗೆ ಒತ್ತಿ ಹಿಡಿದಿದ್ದಳು, ನಾನು ಹೇಳಿಕೊಟ್ಟಂತೆಯೇ. "ಬಿಡು!" ಎಂದು ಗದರಿದೆ. ಬಿಟ್ಟಳು. ಆಮೇಲೆ ರೆಕ್ಕೆ ಎದ್ದಿತು. ತನ್ನ ಕೈಯಿಂದಲೇ ಕೆಟ್ಟಿತೆಂದು ಆ ಹುಡುಗಿ ಇವತ್ತಿಗೂ ನಂಬಿದ್ದಾಳೆ. 'ತಪ್ಪು ನನ್ನದು' ಎಂದು ಊರೆಲ್ಲ ಕೂಗಿದೆ, 'ಅವಳದು ಸರಿ ಇತ್ತು' ಎಂದು ಒಬ್ಬರ ಮುಂದೆಯೂ ಅನ್ನಲಿಲ್ಲ. ಮೊದಲನೆಯ ಮಾತಿಗೆ ಮಂದಿ ಕೈ ಮುಗಿಯುತ್ತಿದ್ದರು, ಎರಡನೆಯದನ್ನು ಆಡಿದ್ದರೆ ನನ್ನನ್ನು ನೋಡಿ ನಗುತ್ತಿದ್ದರು. ನಾಳೆ ಮತ್ತೆ ಇಚಲಕರಂಜಿಗೆ ಹೋಗುತ್ತೇನೆ. ಅವಳ ಅಪ್ಪ ನಂಬುತ್ತಾರೋ ಇಲ್ಲವೋ. ಮೊದಲು ಅವಳಿಗೆ ಹೇಳಬೇಕು.